ಮೂರು ಪಾಲು ನೀರು

ತಿಕೋಟಾದ ಗುರುಲಿಂಗ ಹಂಜಗಿ, ದ್ರಾಕ್ಷಿಯವನು,
ಮೊಬೈಲಿನಲ್ಲಿ ಫೋಟೊ ಹಿಡಿದು ಖಾನಾಪುರಕ್ಕೆ ಬಂದ.
"ಇಂಥಾದೊಂದು ಆಗಬೇಕು ಭರಮಾ,
ನನ್ನ ವೈನಿನ ಅಂಗಡಿ ಬಾಗಿಲಿಗೆ."
ನೋಡಿದೆ. ಅಗಲ ಬಾಯಿ, ಗಿಡ್ಡ ಕಾಲು,
ಎರಡು ಕಡೆ ಎರಡು ದೊಡ್ಡ ಕಿವಿ.
ಕೆಂಪು ಮೈ ಮೇಲೆ ಕರೀ ಜನ:
ಒರಗಿ ಕುಡಿಯುವವರು, ಕೊಳಲೂದುವವಳು,
ಬಾಲವಿದ್ದ ಒಬ್ಬ, ಕತ್ತೆಯ ಕಿವಿಯವನು,
ಕುಣಿಯುತ್ತ ಇನ್ನೇನು ಬೀಳುವ ಹಾಗಿದ್ದ.

ನಮ್ಮ ಕೊಡಕ್ಕೆ ಕಿವಿಯಿಲ್ಲ.
ಸೊಂಟದ ಮೇಲೆ ಕೂಡುವುದಕ್ಕೆ ಕಿವಿ ಯಾಕೆ?
ಅಂಟಿಸಿದ್ದು ಎರಡು ಸಲ ಬಿರಿಯಿತು.
ಮೂರನೇ ಸಲ ಮೈ ಹಸಿ ಇದ್ದಾಗಲೇ ಕೂಡಿಸಿ
ಒದ್ದೆ ಗೋಣಿತಟ್ಟು ಹೊದಿಸಿ
ರಾತ್ರಿ ಎರಡು ಸಲ ಎದ್ದು ಮುಟ್ಟಿ ನೋಡಿದೆ,
ಜ್ವರದ ಕೂಸನ್ನು ನೋಡುವ ಹಾಗೆ.

ಗುರುಲಿಂಗ ಚಹಾ ಕುಡಿಯುತ್ತ ಹೇಳುತ್ತಿದ್ದ:
ಇದು ಕುಡಿಯುವ ಪಾತ್ರೆ ಅಲ್ಲ, ಬೆರೆಸುವ ಪಾತ್ರೆ.
ಆ ಯವನರು ನೀರು ಹಾಕದೆ ಮದ್ಯ ಮುಟ್ಟುತ್ತಿರಲಿಲ್ಲ.
ಕೂಟಕ್ಕೊಬ್ಬ ಯಜಮಾನ.
ಇವತ್ತು ಎಷ್ಟು ಪಾಲು ನೀರು ಅನ್ನುವುದು ಅವನ ಮಾತು,
ಒಂದಕ್ಕೆ ಮೂರು ಅಂದರೆ ಮೂರು.
ಬೆರೆಸದೆ ಕುಡಿದವನು
ಊರ ಹೊರಗಿನವನು, ನಾಲಿಗೆ ತಿರುಗದವನು.

ತಿಗರಿಯ ಮೇಲೆ ನನ್ನ ಕೈ ನಿಂತಿತು.

ಅಪ್ಪ ಬೆರೆಸದೆ ಕುಡಿಯುತ್ತಿದ್ದ.
ಗೋವಾ ಕಡೆಯಿಂದ ಬರುವ ಕಾಜೂ ಫೇಣಿ,
ಸೀಸೆ ಇಡುತ್ತಿದ್ದುದು ಆವಿಗೆಯ ಸಂದಿನಲ್ಲಿ.
ಕೊಡದ ಕಂಠ ಎತ್ತುವಾಗ ಅವನ ಬೆರಳು ನಡುಗುತ್ತಿರಲಿಲ್ಲ.
ಊಟದ ತಾಟು ಎಸೆಯುವಾಗಲೂ.

ರಾತ್ರಿ ಅವ್ವ ಎದ್ದು ಹೋಗುತ್ತಿದ್ದಳು.
ಚಿಮಣಿ ಇಲ್ಲ. ಬಿರಡೆ ಬಿಚ್ಚಿದ ಸದ್ದು,
ಕಡ್ಡಿ ಮುರಿದಷ್ಟು.
ಒಂದಿಷ್ಟು ಬೂದಿಗೆ ಸುರಿದು
ಆಮೇಲೆ ತಂಬಿಗೆಯಿಂದ ಸಣ್ಣ ಧಾರೆ.
ಕೌದಿಯೊಳಗಿಂದ ನಾನು ಎಣಿಸುತ್ತಿದ್ದೆ:
ಮೊದಲು ಒಂದು ಗುಟುಕು,
ಶ್ರಾವಣದ ಹೊತ್ತಿಗೆ ಅರ್ಧಕ್ಕರ್ಧ,
ದೀಪಾವಳಿಗೆ ಒಂದಕ್ಕೆ ಮೂರು.

"ಈಗಿನ ಮಾಲು ಮೊದಲಿನಂಗ ಇಲ್ಲ ಬಿಡು"
ಅನ್ನುತ್ತಿದ್ದ ಅಪ್ಪ, ಗೋಡೆಗೆ.
ಅಂಥ ರಾತ್ರಿ ತಾಟು ನೆಲದ ಮೇಲೆಯೇ ಇರುತ್ತಿತ್ತು.
ಫೇಣಿಗೆ ನೀರು ಬಿದ್ದರೆ ವಾಸನೆ ತಗ್ಗುತ್ತದೆ,
ನೆಗಡಿಯವನಿಗೂ ತಿಳಿಯುತ್ತದೆ.
ಮಣ್ಣಿನ ಹದವನ್ನು ಮೂಸಿ ಹೇಳುತ್ತಿದ್ದವನಿಗೆ
ತಿಳಿಯಲಿಲ್ಲವೆ?
ಇಬ್ಬರನ್ನೂ ನಾನು ಕೇಳಲಿಲ್ಲ.

ಕತ್ತೆ ಕಿವಿಯವನನ್ನು ಬಿಟ್ಟುಬಿಟ್ಟೆ.
ಮಲಪ್ರಭೆಯ ಕೆಸರನ್ನು ಏಳು ಸಲ ಸೋಸಿ
ಕೆನೆಯಷ್ಟನ್ನೇ ಎತ್ತಿಕೊಂಡು
ಒಬ್ಬ ಹೆಂಗಸನ್ನು ಬರೆದೆ:
ಬಾಗಿದ ಬೆನ್ನು, ತಂಬಿಗೆ, ಎದುರಿಗೊಂದು ಸೀಸೆ.
ಗೋಣಿ ಹೊಲೆಯುವ ದಬ್ಬಣದಿಂದ ನಿರಿಗೆ ಗೀರಿದೆ,
ಇಳಕಲ್ಲ ಸೆರಗಿನ ಹಲ್ಲು ಗೀರಿದೆ.
"ಅವರು ಹೆಂಗಸರಿಗೆ ಬಿಳಿ ಹಚ್ಚತಿದ್ದರು" ಅಂದ ಗುರುಲಿಂಗ.
ನನ್ನ ಅವ್ವ ಕಪ್ಪು. ಕಪ್ಪಾಗಿಯೇ ಬಿಟ್ಟೆ.

ಆವಿಗೆಗೆ ಮೂರು ಉಸಿರು.
ಗಾಳಿ ಬಿಟ್ಟೆ, ಎಲ್ಲ ಕೆಂಪಾಯಿತು.
ಹಸಿ ಸೊಪ್ಪು ತುರುಕಿ ಬಾಯಿ ಮುಚ್ಚಿದೆ, ಎಲ್ಲ ಕಪ್ಪಾಯಿತು.
ಮತ್ತೆ ತೆರೆದೆ: ಮೈ ಕೆಂಪಿಗೆ ಮರಳಿತು,
ಅವಳು ಮರಳಲಿಲ್ಲ.

"ಹೆಸರು ಬರಿ," ಅಂದ ಗುರುಲಿಂಗ,
"ಇಂಥಾವ ನನ್ನ ಮಾಡಿದ ಅಂತ
ಅವರ ಗಡಿಗೀನ ಹೇಳತಿತ್ತು."
ಬರೆಯಲಿಲ್ಲ. ಮಾಡಿದವರು ಯಾರು ಅಂತ ಬರೆಯಲಿ?

ಟೆಂಪೊ ಬರುವ ಹಿಂದಿನ ದಿನ ಅವ್ವ ಕೋಲೂರಿ ಬಂದಳು.
ಒಂದು ಕಣ್ಣಿಗೆ ಪೊರೆ. ಬೆರಳಿನಿಂದಲೇ ಸುತ್ತ ಸವರಿದಳು.
ಕಿವಿ ಹಿಂಡಿ ನೋಡಿದಳು, ಗಟ್ಟಿ ಇತ್ತು.
ಗೀರಿದ ಸೆರಗಿನ ಹತ್ತಿರ ಬೆರಳು ನಿಂತಿತು.
ಬಾಗಿಲ ಕಡೆ ತಿರುಗಿದಳು,
ಯಾರಾದರೂ ಎದ್ದರೇ ಅನ್ನುವ ಹಾಗೆ.
ಬಹಳ ಹೊತ್ತಿನ ಮೇಲೆ
"ತಂಬಿಗಿ ಅಲ್ಲೊ ಅದು," ಅಂದಳು,
"ಗಿಂಡಿ.
ತಂಬಿಗಿ ಸಪ್ಪಳಾ ಮಾಡತಿತ್ತು."