ಎಫ್ ಇಪ್ಪತ್ತೆರಡರಲ್ಲಿ ಕಂಡದ್ದು

ಮೊದಲು ಹದ್ದೆಂದುಕೊಂಡೆ.
ಹೆಸರಘಟ್ಟದ ಹುಲ್ಲುಗಾವಲು, ಬೆಳಗಿನ ಏಳು,
ಮೇಲೆ ಎಡಗಡೆ ಮೂಲೆಯಲ್ಲಿ ತೇಲುತ್ತಿತ್ತು
ಅಷ್ಟು ಕಪ್ಪು.
ಮುಂದಿನ ಚಿತ್ರದಲ್ಲೂ ಅಲ್ಲೇ.
ಅದರ ಮುಂದಿನದರಲ್ಲೂ.
ನಾನು ಪೂರ್ವಕ್ಕೆ ತಿರುಗಿದರೆ ಅದೂ ಪೂರ್ವಕ್ಕೆ.
ಯಾವ ಹದ್ದು ಇಷ್ಟು ವಿಧೇಯ?

ದಸರಾ ಆಫರಿನಲ್ಲಿ ಕೊಂಡದ್ದು. ಹದಿನೇಳು ದಿನವಾಗಿತ್ತು.
ಹನ್ನೊಂದು ಕಂತು ಬಾಕಿ.
ಪರದೆಗಂಟಿದ ಪ್ಲಾಸ್ಟಿಕ್ ಹಾಳೆ ಇನ್ನೂ ಕಿತ್ತಿರಲಿಲ್ಲ.

ಲೆನ್ಸ್ ಒರೆಸಿದೆ, ಹೋಗಲಿಲ್ಲ.
ಲೆನ್ಸನ್ನೇ ಬದಲಿಸಿದೆ, ಹೋಗಲಿಲ್ಲ.
ಕಿಂಡಿಗೆ ಕಣ್ಣಿಟ್ಟರೆ ಆಕಾಶ ಬೆಳಗಿಟ್ಟ ತಟ್ಟೆ,
ಒತ್ತಿದರೆ ಕಲೆ.

ಬೈಯಲು ಊರಿತ್ತಲ್ಲ, ಬೈದೆ:
ಮಾಗಡಿ ರಸ್ತೆಯನ್ನು ಮೂರನೇ ಸಲ ಅಗೆದವರನ್ನು,
ಜಲ್ಲಿ ಲಾರಿಯ ಹರಕು ಟಾರ್ಪಾಲನ್ನು,
ಎದುರು ಮನೆ ಒಡೆದು ನಾಲ್ಕು ಮಹಡಿ ಏರಿಸುತ್ತಿರುವ
ಗುರುಸಿದ್ದಪ್ಪನವರನ್ನು.
ಒಗೆದ ಸೀರೆ ಮೇಲೆ, ಹಾಲಿನ ಕೆನೆ ಮೇಲೆ,
ಮಲಗಿದ ನಾಯಿಯ ರೆಪ್ಪೆ ಮೇಲೂ ಸಿಮೆಂಟು.

ಎಸ್.ಪಿ. ರಸ್ತೆ, ಕತ್ತಲ ಮೆಟ್ಟಿಲು, ಎರಡನೇ ತಿರುವು.
ಇನಾಯತ್ ಸಾಹೇಬರ ಅಂಗಡಿಗೆ ಅಗಲ ಮೂರಡಿ.
ಫ್ಯಾನು ನಿಲ್ಲಿಸಿದರು. ಶಟರು ಅರ್ಧ ಎಳೆದರು.
"ಬಾಯಲ್ಲಿ ಊದಿದ್ರಾ?"
ಇಲ್ಲವೆಂದೆ.
"ಊದಿದೀರ. ಉಗುಳಿನ ಗುರುತಿದೆ."

ಎಫ್ ಇಪ್ಪತ್ತೆರಡಕ್ಕೆ ಇಳಿಸಿ
ಗೋಡೆಗಂಟಿಸಿದ ಬಿಳಿ ಹಾಳೆಗೆ ಹಿಡಿದರು.
ಕಿಂಡಿ ಸಣ್ಣದಾದಷ್ಟೂ ಕಸ ಸ್ಪಷ್ಟವಂತೆ.
"ನೋಡುವಾಗ ಕಾಣೋ ಧೂಳು ಚಿತ್ರಕ್ಕೆ ಬೀಳಲ್ಲ ಮೇಡಂ,
ಚಿತ್ರಕ್ಕೆ ಬಿದ್ದದ್ದು ನೋಡುವಾಗ ಕಾಣಲ್ಲ.
ಒಳಗೆ ಎಲ್ಲಾ ತಲೆಕೆಳಗು.
ಮೇಲೆ ಕಂಡದ್ದನ್ನು ಕೆಳಗೆ ಹುಡುಕಬೇಕು."

ಕನ್ನಡಿ ಎತ್ತಿ, ಮುಖ ಕೆಳಗೆ ಮಾಡಿ,
ರಬ್ಬರ್ ಬುರುಡೆಯಿಂದ ನಾಲ್ಕು ಸಲ ಗಾಳಿ.
ಜಪ್ಪಯ್ಯ ಅನ್ನಲಿಲ್ಲ ಅದು.
ಭೂತಗನ್ನಡಿ ಇಟ್ಟು ಬಗ್ಗಿದರು, ತುಂಬ ಹೊತ್ತು.
"ಇದು ರಸ್ತೇದಲ್ಲ," ಅಂದರು.
"ಕೆಂಪಗಿದೆ."

ಕೆಂಪಗಿದೆ.

ಆಯುಧಪೂಜೆಯ ಬೆಳಿಗ್ಗೆ.
ರಾಜಾಜಿನಗರದ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ ಲೇತು ತಿರುಗಿಸಿದ ಅಪ್ಪ
ಸ್ಕೂಟರಿಗೆ, ಮಿಕ್ಸಿಗೆ, ಇಳಿಗೆಮಣೆಗೆ ಇಟ್ಟು,
ಅದೇ ಬೆರಳಲ್ಲಿ ನನ್ನ ಮುಂದೆ ಕೂತು
"ಮುಚ್ಚಳ ತೆಗಿ, ಒಳಗೇನಿದೆ ತೋರ್ಸು" ಎಂದಿದ್ದರು.
ಲೆನ್ಸ್ ಕಳಚಿ ತೋರಿಸಿದೆ.
ಕೂದಲೆಳೆಯ ನಾಲ್ಕನೇ ಪಾಲು ತಪ್ಪಿದರೂ
ಕೆಲಸ ವಾಪಸು ಮಾಡುತ್ತಿದ್ದ ಮನುಷ್ಯ
ಉಸಿರು ಹಿಡಿದು ಬಗ್ಗಿದರು.
"ಎಣ್ಣೆ ಎಲ್ಲಿಗೆ ಬಿಡ್ತಾರೆ ಇದಕ್ಕೆ?"
ಬಿಡುವುದಿಲ್ಲವೆಂದೆ.
ನಂಬಲಿಲ್ಲ.
ಹಣೆಗೊಂದು ಬೊಟ್ಟಿಟ್ಟು
ಬೆರಳು ಕೊಡವಿದರು.

ಇನಾಯತ್ ಸಾಹೇಬರು ಒದ್ದೆ ಪಟ್ಟಿಯಲ್ಲಿ ಒಂದೇ ಎಳೆತ ಎಳೆದರು,
ಹೋದ ಕೈ ಹಿಂದಕ್ಕೆ ಬರಬಾರದು.
ಬಿಳಿ ತುದಿಯಲ್ಲಿ ಗುಲಾಬಿ ಗೀರು,
ಇದೆಯೋ ಇಲ್ಲವೋ ಅನ್ನುವಷ್ಟು.
"ಬಿಸಾಕ್ಲಾ?"
"ಕೊಡಿ," ಎಂದು ಪರ್ಸಿಗೆ ಹಾಕಿಕೊಂಡೆ,
ಯಾಕೆಂದು ನನಗೂ ಗೊತ್ತಿಲ್ಲ.
ನಾನೂರೈವತ್ತು ರೂಪಾಯಿ.

ಮನೆಗೆ ಬಂದಾಗ ಅಪ್ಪ ಗೇಟಿನಲ್ಲೇ.
"ಸರಿ ಹೋಯ್ತಾ? ಏನಿತ್ತಂತೆ?"

"ಮಾಗಡಿ ರಸ್ತೆ," ಅಂದೆ.

ಅಪ್ಪನಿಗೆ ಅಷ್ಟು ಸಾಕಿತ್ತು.
ಕಾರ್ಪೊರೇಷನ್ನು, ಕಂಟ್ರಾಕ್ಟರು,
ಬಾಲ್ಕನಿಯಲ್ಲಿ ನಿಂತಿದ್ದ ಗುರುಸಿದ್ದಪ್ಪನವರು,
ಒಬ್ಬರನ್ನೂ ಬಿಡದೆ ಬೈದರು,
ಕಾಫಿ ಆರುವವರೆಗೆ.