ಲೋಪ, ಆಗಮ, ಆದೇಶ

ಪೀಣ್ಯ ಎರಡನೇ ಹಂತ. ತಕ್ಕಡಿ ಕಾರ್ಖಾನೆ.
ಮಹಡಿಯ ಮೇಲೆ ನಾವು ಮೂವರು, ಕೆಳಗೆ ಲೇತುಗಳು.
ಉಕ್ಕು ಕೊರೆಯುವ ಕೀರಲಿಗೆ
ನನ್ನ ಟೀ ಲೋಟದೊಳಗೆ ಸಣ್ಣ ಸಣ್ಣ ಉಂಗುರ.

ನಾನು ಬರೆಯುತ್ತಿದ್ದದ್ದು ತೂಕದ ಪ್ರೋಗ್ರಾಮಲ್ಲ,
ಪ್ರೋಗ್ರಾಮನ್ನು ಓದುವ ಪ್ರೋಗ್ರಾಮು.
ಹಳೆಯ ತಕ್ಕಡಿಯ ಹನ್ನೊಂದು ಲಕ್ಷ ಸಾಲು
ಕಂಪೈಲರಿನ ಬಾಯಿಗೆ ಹಾಕಿ,
ಅರೆದು ನುಂಗುವ ಮೊದಲೇ ಗದ್ದ ಹಿಡಿದು
ತೋರಿಸು, ನಿನಗೇನು ತಿಳಿಯಿತು, ಎಂದು ಕೇಳುವುದು.

ತೋರಿಸುತ್ತದೆ ಒಂದು ಮರ.
ಬುಡ ಮೇಲೆ. ಕಟ್ಟಕಡೆಯ ಎಲೆಗಳಲ್ಲಿ ಬರೀ ಅಂಕಿ.

ಈ ಮರ ನನಗೆ ಹೊಸದಲ್ಲ.
ಶ್ರೀರಾಂಪುರದ ಶಾಲೆಯಲ್ಲಿ ಗಂಗಲಕ್ಷ್ಮಮ್ಮ ಮೇಡಂ
ಬೋರ್ಡಿನ ಮೇಲೊಂದು ವಾಕ್ಯ ಬರೆದು
ಕೆಳಗೆ ಗೆರೆ ಎಳೆಯುತ್ತಿದ್ದರು: ಕರ್ತೃ, ಕರ್ಮ, ಕ್ರಿಯೆ.
ಆಮೇಲೆ ಸಂಧಿ.
ಮಾತು, ಇಲ್ಲ: ಮಾತಿಲ್ಲ. ಉಕಾರ ಹೋಯಿತು, ಲೋಪ.
ಮನೆ, ಅನ್ನು: ಮನೆಯನ್ನು. ಕರೆಯದೆ ಬಂದ ಯಕಾರ, ಆಗಮ.
ಮಳೆ, ಕಾಲ: ಮಳೆಗಾಲ.
"ಕಕಾರ ಎದ್ದು ಗಕಾರಕ್ಕೆ ಸೀಟು ಬಿಡ್ತು,
ಬಸ್ಸಲ್ಲಿ ಅಜ್ಜಿಗೆ ಬಿಡೋ ಹಾಗೆ. ಆದೇಶ ಕಣ್ರೇ."

ನನ್ನ ಉಪಕರಣಕ್ಕೂ ಗೊತ್ತಿದ್ದದ್ದು ಇಷ್ಟೇ.
ಕೊಂಬೆ ಕೊಂಬೆ ಹತ್ತಿ ಇಳಿದು
ಬೇಡದ್ದನ್ನು ತೆಗೆ, ಬೇಕಾದದ್ದನ್ನು ಸೇರಿಸು,
ಹಳತಿನ ಜಾಗದಲ್ಲಿ ಹೊಸದನ್ನು ಕೂರಿಸು.
ನಲವತ್ತು ನಿಮಿಷ. ನಸ್ರೀನ್ ತಂದ ಬನ್ನು ಮುಗಿಯುವಷ್ಟರಲ್ಲಿ
ಹನ್ನೊಂದು ಲಕ್ಷ ಏಳು ಲಕ್ಷವಾಗಿತ್ತು.
ಪ್ರತಿ ಕಡತದ ಹಣೆಯಲ್ಲೂ ಒಂದೇ ಬರಹ:
ಇದು ಯಂತ್ರ ಬರೆದದ್ದು, ಕೈಯಿಂದ ತಿದ್ದಬೇಡಿ.

ಮ್ಯಾನೇಜರು ಜಿಲೇಬಿ ತರಿಸಿದರು.

ಸೆಪ್ಟೆಂಬರಿನಲ್ಲಿ ಯಶವಂತಪುರದ ಯಾರ್ಡಿನಿಂದ ಫೋನು.
ಹಮಾಲಿ ಮೇಸ್ತ್ರಿ ಚಿಕ್ಕಹೊನ್ನಯ್ಯ, ಹಿಂದೆ ಲಾರಿಗಳ ಹಾರನ್ನು:
"ಮೇಡಂ, ನಿಮ್ ಮಿಷನ್ನು
ಮಳೆ ನೀರಿಗೂ ಈರುಳ್ಳಿ ರೇಟು ಹಾಕ್ತಾ ಐತೆ."

ಹೋಗಿ ನೋಡಿದೆ. ನೆನೆದ ಗೋಣಿ, ಒಂದೊಂದೂ
ಒಣಗಿದ್ದಕ್ಕಿಂತ ಮುಕ್ಕಾಲು ಕೇಜಿ ಭಾರ.
ಆ ಮುಕ್ಕಾಲನ್ನು ಕಳೆಯಲು ಒಂದು ಫಂಕ್ಷನ್ನಿತ್ತು,
ಹೆಸರು ಮಳೆಗಾಲ.
ಯಾರೂ ಕರೆಯುತ್ತಿಲ್ಲ, ಸತ್ತಿದೆ, ಎಂದಿತ್ತು ಉಪಕರಣ.
ನಾನು ಹೂಂ ಎಂದಿದ್ದೆ.

ರಾತ್ರಿ ಹಳೆಯ ಪ್ರತಿ ತೆರೆದು ಕೂತೆ.
ಎಲ್ಲೂ ಆ ಹೆಸರಿನ ಕರೆ ಇಲ್ಲ, ನಿಜ.
ಒಂದು ಮೂಲೆಯಲ್ಲಿ "ಮಳೆ", ಇನ್ನೊಂದರಲ್ಲಿ "ಚಳಿ",
ದೂರದ ಬೇರೆ ಕಡತದಲ್ಲಿ, ಒಂಟಿಯಾಗಿ, "ಗಾಲ".
ಯಾವ ನಿಘಂಟಿನಲ್ಲೂ ಸಿಗದ ತುಂಡು.
ತಿಂಗಳು ನೋಡಿ, ತಕ್ಕಡಿ ಓಡುತ್ತಿರುವಾಗಲೇ
ಎರಡನ್ನೂ ಕೂಡಿಸಿ ಕೂಗುತ್ತಿದ್ದ ಬರೆದವನು.
ಓದುವಾಗ ಇಲ್ಲ. ಓಡುವಾಗ ಉಂಟು.
ಮರ ಹತ್ತಿದ ನನ್ನ ಜಾಣನಿಗೆ
ಬಿಡಿಸುವುದು ಗೊತ್ತಿತ್ತು, ಕೂಡುವುದಲ್ಲ.

ಅದರ ತಲೆಯ ಮೇಲೊಂದು ಟಿಪ್ಪಣಿಯೂ ಇತ್ತು.
ಟಿಪ್ಪಣಿಗಳನ್ನು ಕಂಪೈಲರು ಹೊಸ್ತಿಲಲ್ಲೇ ಉದುರಿಸುತ್ತದೆ,
ಚಪ್ಪಲಿಯ ಮಣ್ಣಿನ ಹಾಗೆ.
ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ:
ಒದ್ದೆ ಗೋಣಿ ಭಾರ. ನಾನೇ ಹೊತ್ತು ನೋಡಿದ್ದೀನಿ.
ತೆಗೀಬೇಡಿ. ಮು. ವೆಂ. ೧೯೯೭.

ಪರೀಕ್ಷೆಯಲ್ಲಿ ಬರೆದಿದ್ದೆ: ಲೋಪವೆಂದರೆ ಅಕ್ಷರ ಬಿಟ್ಟುಹೋಗುವುದು.
ಇನ್ನೊಂದು ಅರ್ಥವನ್ನು ಮೇಡಂ ಕೇಳಿರಲಿಲ್ಲ.

ತಿದ್ದಬೇಡಿ ಎಂಬ ಸಾಲಿನ ಕೆಳಗೇ ಕೈಯಿಂದ ತಿದ್ದಿದೆ.
ಫಂಕ್ಷನ್ನು ಹಾಕಿದೆ, ಟಿಪ್ಪಣಿಯನ್ನೂ, ತಪ್ಪು ಕಾಗುಣಿತದ ಸಮೇತ.
ಚಳಿಗಾಲವನ್ನೂ. ಅದೇನು ಮಾಡುತ್ತದೋ ಇನ್ನೂ ತಿಳಿದಿಲ್ಲ.

ಬೆಳಿಗ್ಗೆ ದಾಸರಹಳ್ಳಿಯ ನಂಬರು ಹುಡುಕಿ ಕರೆದೆ.
ಮುನಿವೆಂಕಟಪ್ಪನವರಿಗೆ ಕಿವಿ ಮಂದ.
ಮೂರು ಸಲ ಹೇಳಿದೆ, ಮಳೆಗಾಲ, ಮಳೆಗಾಲ ಸಾರ್, ನಿಮ್ಮ ಮಳೆಗಾಲ.
ಸ್ವಲ್ಪ ಹೊತ್ತು ಮಾತಿಲ್ಲ.
"ಅದಿನ್ನೂ ಐತೇನಮ್ಮಾ?"

ಐದೂಕಾಲು ಗಂಟೆಯಿಂದ ಇತ್ತು.
"ಇದೆ ಸಾರ್" ಎಂದೆ.