ಖಾಯಂ

ಎಂಟನೇ ಖಾನೆಗೆ ಬಂದಾಗೊಮ್ಮೆ ಪೆನ್ನು ನಿಲ್ಲತೈತಿ.
ಖಾಯಂ ವಿಳಾಸ, ಅಂತ ಕೇಳತೈತಿ ಅರ್ಜಿ.

ಖಾಯಂ ಮನಿ ನೀರಾಗೈತಿ.
ನಾ ಹುಟ್ಟೂಕಿಂತ ಮೊದಲ ಮುಳುಗಿದ ಓಣಿ.
ಹಳೇ ಬಾಗಲಕೋಟಿ ದಂಡಿಗೆ ನಿಂತು ಅಪ್ಪ ಕೈ ಮಾಡತಾನ:
"ಅಗಾ, ಆ ಬೆಳ್ಳಕ್ಕಿ ನಿಂತೈತಲ್ಲ,
ಅದ ನಮ್ಮ ಅಡಗಿಮನಿ."
ಬೆಳ್ಳಕ್ಕಿ ಎದ್ದು ಅತ್ತಾಗ ನಿಂತರ
ಅಡಗಿಮನೀನೂ ಅತ್ತಾಗ ಸರೀತೈತಿ.

ನವನಗರದ ಸೆಕ್ಟರ್ ನಂಬರ ಬರದು ಮುಂದ ಹೋಗತೀನಿ.
ಜೈಬುನ್ನಿಸಾ ನದಾಫ. ಬಿ.ಎಸ್ಸಿ., ರಸಾಯನಶಾಸ್ತ್ರ.
ಎಂಬತ್ತೊಂದು ಪಾಯಿಂಟ್ ನಾಕು ಪರ್ಸೆಂಟ್.
ಪಾಯಿಂಟ್ ನಾಕನ್ನ ಯಾರೂ ಕೇಳೂದಿಲ್ಲ.
ಆದ್ರೂ ಬರೀತೀನಿ. ಅದೂ ನಂದ.

ಸದ್ಯಕ್ಕ ಡಿಸಿ ಆಫೀಸ್ ಎದುರು
ಗುರುಸಿದ್ದ ಕಾಕಾನ ಝೆರಾಕ್ಸ್ ಅಂಗಡಿ.
ಸದ್ಯಕ್ಕ ಅಂದ್ರ ಎರಡು ವರ್ಷ ಮೂರು ತಿಂಗಳು.
ಮಂದಿ ಮಾರ್ಕ್ಸ್ ಕಾರ್ಡು ಗಾಜಿನ ಮ್ಯಾಲ ಬೋರಲ ಮಲಗಿಸಿ
ಮುಚ್ಚಳ ಹಾಕತೀನಿ, ಕೂಸಿಗೆ ಕೌದಿ ಹೊಚ್ಚಿದಂಗ.
ಬೆಳಕು ಈ ದಂಡಿಯಿಂದ ಆ ದಂಡಿಗೆ ಹೋಗತೈತಿ.
ಓದಬಾರದು ಅಂದ್ರೂ ಕಣ್ಣು ಓದತೈತಿ:
ಇಂವ ಇಂಗ್ಲಿಷಿಗೆ ಎರಡು ಸಲ ಕುಂತಾನ,
ಈಕಿ ಭೌತಶಾಸ್ತ್ರ ನನಗಿಂತ ಚಲೋ,
ಈ ಅಣ್ಣನ ಹುಟ್ಟಿದ ತಾರೀಖು ನೋಡಿದ್ರ
ಇದ ಕಡೀ ಅರ್ಜಿ, ಬರೂ ಜೂನಿಗೆ ವಯಸ್ಸು ಮೀರತೈತಿ.
ಹಾಳಿಗೆ ಎರಡು ರೂಪಾಯಿ.
ಅವಗ ಒಂದು ಹಾಳಿ ಫುಕಟ್ ಹೊಡದುಕೊಟ್ಟೆ.

ಮುಧೋಳ ಕಡೆ ಸಕ್ಕರಿ ಕಾರ್ಖಾನಿ ಲ್ಯಾಬಿಗೆ ಕರದಿದ್ರು.
ಬ್ರಿಕ್ಸ್ ಅಂದ್ರೇನು ಕೇಳಿದ್ರು, ಹೇಳಿದೆ.
ರಾತ್ರಿ ಪಾಳಿ ಆಗತೈತೇನು ಕೇಳಿದ್ರು, ಆಗತೈತಿ ಅಂದೆ.
ಮದುವಿ ಯಾವಾಗ ಕೇಳಿದ್ರು.
ಅದನ್ನ ಅಳಿಯೂ ಉಪಕರಣ ಸಿಲೆಬಸ್ಸಿನ್ಯಾಗ ಇರಲಿಲ್ರಿ, ಅಂದೆ.
ಮೂರೂ ಮಂದಿ ನಕ್ಕರು. ಚಾ ಕೊಟ್ಟರು.
ಚಾ ಕೊಟ್ಟಲ್ಲಿ ನೌಕರಿ ಕೊಡೂದಿಲ್ಲ,
ಕಾಲೇಜು ಬಿಟ್ಟ ಮ್ಯಾಲ ನಾ ಕಂಡುಹಿಡಿದ ಸೂತ್ರ ಇದೊಂದ.
ವಿದ್ಯಾಗಿರಿ ಸಾಲ್ಯಾಗ ವಿಜ್ಞಾನ ಕಲಿಸಾಕ ಆರು ಸಾವಿರ ಅಂದ್ರು.
ಕಾಕಾ ಏಳು ಕೊಡತಾನ.

ಮನ್ಯಾಗ ಅಪ್ಪ ಮಂದಿ ಹಳೇ ಗಾದಿ ಬಿಚ್ಚಿ ಹತ್ತಿ ಹಿಂಜತಿದ್ದ.
"ಏನೇನ್ ಕೇಳಿದ್ರು?"
ಹಿಂಜಿ ಹಿಂಜಿ ಕೇಳಿದ್ರಪಾ.
"ಹಿಂಜಿದ್ರ ಉಬ್ಬತೈತಿ" ಅಂದ,
ಹುಬ್ಬಿನ ಮ್ಯಾಲಿನ ಅರಳಿ ಒರಸಿಕೊಂಡ.
ಹತ್ತಿ ಮಾತಾಡಿದನೋ, ನನ್ನ ಮಾತಾಡಿದನೋ.
ಬಾಜೂಮನಿ ಚಾಂದಬಿ ಗ್ವಾಡಿ ಮ್ಯಾಲಿಂದ ಹಣಿಕಿ ಹಾಕಿದಳು:
"ಖಾಯಂ ಆತೇನವಾ?"

ಮೊನ್ನೆ ಒಬ್ಬಾಕಿ ನೇಮಕಾತಿ ಆದೇಶ ತಂದಳು. ಐದು ಕಾಪಿ ಅಂದಳು.
ಆರು ತಗದೆ.
ಆಕಿ ಹೋದ ಮ್ಯಾಲ ಆರನೇದನ್ನ ಕೌಂಟರಿನ ಕೆಳಗ ಹಿಡದು
ಹಳಗನ್ನಡ ಓದಿದಂಗ ತಡದು ತಡದು ಓದಿದೆ:
ಸದರಿ ಅಭ್ಯರ್ಥಿಯನ್ನು, ಈ ಕೆಳಕಂಡ, ಷರತ್ತುಗಳಿಗೆ ಒಳಪಟ್ಟು.
ಹೆಸರಿನ ಮ್ಯಾಲ ಬಿಳೀ ಚೀಟಿ ಇಟ್ಟು ಇನ್ನೊಂದು ಹೊಡದೆ.
ಹೆಸರಿದ್ದಲ್ಲಿ ಖಾಲಿ ಬಂತು.
ಪೂರಾ ಖಾಲಿ ಅಲ್ಲ,
ಚೀಟಿ ಅಂಚಿನ ಸಣ್ಣ ಕರೀ ಗೆರಿ, ಬಾಗಲಾ ಅರ್ಧ ತೆರದಂಗ.
ಎರಡೂ ಹರದೆ.
ನಾಕು ರೂಪಾಯಿ ನನ್ನ ಪರ್ಸಿನಿಂದ ಗಲ್ಲಾಕ್ಕ ಹಾಕಿದೆ.

ಇವತ್ತ ಸಂಜಿಗೆ ಕರೆಂಟು ಹೋತು,
ಬೆಳಕು ಗಾಜಿನ ಅರ್ಧ ದಾರ್ಯಾಗ ಇದ್ದಾಗ.
ಹುನಗುಂದದ ಹುಡುಗ, ಮೀಸಿ ಇನ್ನೂ ನೆಟ್ಟಗ ಮೂಡಿಲ್ಲ,
"ಅಕ್ಕಾ, ನನ್ನ ಒರಿಜಿನಲ್ಲು!" ಅಂತ ಚೀರಿದ.
ಒಳಗ ಸಿಕ್ಕಿದ್ದು ಕಾಪಿ ತಮ್ಮಾ,
ಒರಿಜಿನಲ್ ಇಲ್ಲೇ ಐತಿ, ಮುಟ್ಟಿ ನೋಡು, ಅಂದೆ.
ಕತ್ತಲಾಗ ಮುಚ್ಚಳ ಎತ್ತಿ ಹಿಡದೆ.
ಮುಟ್ಟಿದ. ಸ್ವಲ್ಪ ಹೊತ್ತು ಕೈ ತಗೀಲಿಲ್ಲ.
"ಬೆಚ್ಚಗೈತಿ" ಅಂದ.